ಒಬ್ಬರ ತುಟಿಗೆ ಅಂತ ಬರೆದ ಸಂಗೀತ

ಲಂಡನ್ನಿನ ಬೆನ್ ಗೋಲ್ಡ್‌ಶೈಡರ್ ಅನ್ನೋ ಹುಡುಗನ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಹುಡುಗ ಅಂದ್ರೆ 1997ರಲ್ಲಿ ಹುಟ್ಟಿದವನು, ಈಗೇನು ಅಷ್ಟು ಚಿಕ್ಕವನಲ್ಲ, ಆದ್ರೆ ನನ್ನ ತಲೇಲಿ ಮಾತ್ರ ಇನ್ನೂ 2016ರ ಬಿಬಿಸಿ ಯಂಗ್ ಮ್ಯುಸಿಶಿಯನ್ ಅನ್ನೋ ಸಂಗೀತ ಸ್ಪರ್ಧೆಯ ಫೈನಲ್‌ಗೆ ಸ್ಟೇಜ್ ಹತ್ತಿದ 18 ವರ್ಷದವನೇ ಕೂತಿದಾನೆ. ಆ ಸಲ ಫೈನಲ್‌ಗೆ ಬಂದಿದ್ದು ಮೂರು ಜನ. ಗೆದ್ದಿದ್ದು ಚೆಲ್ಲೊ ನುಡಿಸೋ ಶೇಕು ಕಾನೆ-ಮೇಸನ್, ಎರಡು ವರ್ಷ ಆದ್ಮೇಲೆ ಪ್ರಿನ್ಸ್ ಹ್ಯಾರಿ ಮದುವೇಲಿ ನುಡಿಸಿ ಊರಿಗೆಲ್ಲ ಗೊತ್ತಾದ್ನಲ್ಲ, ಅವನೇ. ಇನ್ನೊಬ್ಬಳು ಸ್ಯಾಕ್ಸೊಫೋನಿನ ಜೆಸ್ ಗಿಲಮ್. ಮೂರನೆಯವನು ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಕೊಳವೆಯ ವಾದ್ಯ, ಮುಂದೆ ಬರೀ ಹಾರ್ನ್ ಅಂತೀನಿ) ಹಿಡ್ಕೊಂಡು ಬಂದ ಬೆನ್. ಆಮೇಲೆ ಬರ್ಲಿನ್‌ಗೆ ಹೋಗಿ ಬಾರೆನ್‌ಬೊಯಿಮ್-ಸಯೀದ್ ಅಕಾಡೆಮಿಲಿ ಸೇರ್ಕೊಂಡು ಚೆಕ್ ದೇಶದ ದೊಡ್ಡ ಹಾರ್ನ್ ವಾದಕ ರಾಡೆಕ್ ಬಾಬೊರಾಕ್ ಹತ್ರ ಕಲಿತ.

ಈಗ ಒಂದು ಲೆಕ್ಕ ನೋಡಿ. ಚೆಲ್ಲೊದವನಿಗೆ ಎಲ್ಗರ್ ಇದಾನೆ, ಡ್ವೊರಾಕ್ ಇದಾನೆ, ಹೈಡನ್ ಇದಾನೆ, ಶೊಸ್ತಾಕೊವಿಚ್ ಇದಾನೆ. ವಯೊಲಿನ್, ಪಿಯಾನೋದವರ ಬಗ್ಗೆ ಹೇಳೋದೇ ಬೇಡ, ಒಂದು ಜನ್ಮ ಸಾಲಲ್ಲ. ಹಾರ್ನ್‌ದವನು ಸೋಲೋ ಕಲಾವಿದ ಆಗ್ತೀನಿ ಅಂತ ಹೊರಟ್ರೆ ಆರ್ಕೆಸ್ಟ್ರಾದವರು ಕೊಡೋದು ಮೊಜಾರ್ಟ್‌ನ ನಾಲ್ಕು ಕನ್ಚೆರ್ಟೊ (ಸೋಲೋ ವಾದಕ ಮುಂದೆ, ಆರ್ಕೆಸ್ಟ್ರಾ ಜೊತೆಗೆ, ಅಂಥ ಕೃತಿ), ರಿಚರ್ಡ್ ಸ್ಟ್ರಾಸ್‌ನ ಎರಡು, ಸ್ವಲ್ಪ ಧೈರ್ಯ ಇದ್ರೆ ಬೆಂಜಮಿನ್ ಬ್ರಿಟನ್ ಅನ್ನೋ ಕಂಪೋಸರ್‌ನ ಸೆರೆನೇಡ್, ಅದ್ರಲ್ಲೂ ಒಬ್ಬ ಟೆನರ್ ಗಾಯಕ ಬೇಕು. ಅಲ್ಲಿಗೆ ಮುಗೀತು. ಅದಕ್ಕೇ ಚೆನ್ನಾಗಿ ಊದೋ ಹುಡುಗರೆಲ್ಲ ಆರ್ಕೆಸ್ಟ್ರಾ ಹಾರ್ನ್ ಸೆಕ್ಷನ್‌ನಲ್ಲಿ ಕುರ್ಚಿ ಹಿಡೀತಾರೆ, ತಿಂಗಳ ಸಂಬಳ ಬರತ್ತೆ, ಅದೇನು ಸಣ್ಣ ಕೆಲಸ ಅಲ್ಲ, ಬ್ರಾಮ್ಸ್, ಬ್ರುಕ್ನರ್, ಮಾಲರ್ ಎಲ್ಲ ಊದೋದು ಅಲ್ಲೇ. ಬೆನ್ ತರದವನು ಆ ಕುರ್ಚಿ ನಂಬ್ಕೊಳ್ದೆ ಒಬ್ಬನೇ ಮುಂದೆ ಬಂದು ನಿಲ್ತೀನಿ ಅಂದ್ರೆ ಅವನಿಗೆ ಎರಡೇ ದಾರಿ: ಹೊಸಬರ ಕೈಲಿ ಬರೆಸ್ಬೇಕು, ಇಲ್ಲಾ ಬೀರುವಿನಲ್ಲಿ ಧೂಳು ಹಿಡಿದಿರೋದನ್ನ ಹೊರಗೆ ತೆಗೀಬೇಕು. ಅವನು ಎರಡನ್ನೂ ಮಾಡ್ದ. ನಾನು ಹೇಳೋಕೆ ಹೊರಟಿರೋದು ಎರಡನೇದರ ಬಗ್ಗೆ, ಮುಖ್ಯವಾಗಿ ರೂತ್ ಗಿಪ್ಸ್ ಅನ್ನೋ ಮಹಾತಾಯಿ ಬರೆದ ಹಾರ್ನ್ ಕನ್ಚೆರ್ಟೊ ಬಗ್ಗೆ, ಯಾಕಂದ್ರೆ ಅದನ್ನ ಇವನು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ರೆಕಾರ್ಡ್ ಮಾಡಿದ್ಮೇಲೇ ನನ್ನಂಥವರ ಕಿವಿಗೆ ಬಿದ್ದಿದ್ದು.

ರೂತ್ ಗಿಪ್ಸ್ ಹುಟ್ಟಿದ್ದು 1921ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೆಕ್ಸ್‌ಹಿಲ್‌ನಲ್ಲಿ. ಪಿಯಾನೋ ನುಡಿಸ್ತಿದ್ರು, ಓಬೋ ಊದ್ತಿದ್ರು, ಕಂಪೋಸ್ ಮಾಡ್ತಿದ್ರು, ಸಾಲದು ಅಂತ ಕಂಡಕ್ಟರ್ ಬೇರೆ. ಬರ್ಮಿಂಗ್‌ಹ್ಯಾಮ್ ಆರ್ಕೆಸ್ಟ್ರಾದಲ್ಲಿದ್ದಾಗ 1945ರಲ್ಲಿ ಒಂದೇ ಕಚೇರೀಲಿ ಗ್ಲಾಜುನೊವ್‌ನ ಪಿಯಾನೋ ಕನ್ಚೆರ್ಟೊಗೆ ಸೋಲೋ ನುಡಿಸಿ, ಆಮೇಲೆ ಎದ್ದು ಹೋಗಿ ಆರ್ಕೆಸ್ಟ್ರಾ ಒಳಗೆ ಕೂತು ತಮ್ಮದೇ ಮೊದಲನೇ ಸಿಂಫನಿಗೆ ಕೋರ್ ಆಂಗ್ಲೆ (ಓಬೋ ಜಾತೀದೇ ಇನ್ನೊಂದು ವಾದ್ಯ) ಊದಿದ್ರಂತೆ. ಆಗ ಅವರಿಗೆ 24. ಕಂಡಕ್ಟರ್ ಜಾರ್ಜ್ ವೆಲ್ಡನ್ (ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರತ್ತೆ). ಮೂವತ್ತರ ಮೇಲೆ ಕೈಗೆ ಪೆಟ್ಟಾಗಿದ್ದ ಹಳೇ ತೊಂದ್ರೆ ಕಾಡಿ ಸ್ಟೇಜ್ ಮೇಲೆ ನುಡಿಸೋದು ನಿಂತು ಹೋಯ್ತು. ಕಂಡಕ್ಟರ್ ಕೆಲಸ ಕೇಳೋಕೆ ಹೋದ್ರೆ ಹೆಂಗಸರಿಗೆ ಯಾರು ಕೊಡ್ತಾರೆ ಆ ಕಾಲದಲ್ಲಿ, ಅದಕ್ಕೆ ತಾವೇ ಆರ್ಕೆಸ್ಟ್ರಾ ಕಟ್ಟಿದ್ರು, 1955ರಲ್ಲಿ ಲಂಡನ್ ರೆಪರ್ಟ್ವಾರ್ ಆರ್ಕೆಸ್ಟ್ರಾ, 1961ರಲ್ಲಿ ಚಾಂಟಿಕ್ಲೀರ್. ಐದು ಸಿಂಫನಿ ಬರೆದ್ರು. ಆದ್ರೆ 60ರ ದಶಕ ಅಂದ್ರೆ ಬ್ರಿಟನ್ನಿನ ಸಂಗೀತ ಲೋಕಕ್ಕೆ ಹೊಸ ಗಾಳಿ ಹೊಡೆದ ಕಾಲ. ಹನ್ನೆರಡು ಸ್ವರದ ಲೆಕ್ಕಾಚಾರದ ಸಂಗೀತ ಬರೆದ್ರೆ ಮಾತ್ರ ಮರ್ಯಾದೆ, ರಾಗವಾಗಿ ಹಾಡೋ ತರ ಬರೆದ್ರೆ ಹಳೇ ಕಾಲದವರು ಅಂತ ಮೂಲೆಗೆ. ಗಿಪ್ಸ್‌ಗೋ ಆ ಹನ್ನೆರಡು ಸ್ವರದವರನ್ನ ಕಂಡ್ರೆ ಆಗ್ತಿರಲಿಲ್ಲ, ಅದನ್ನ ಮುಚ್ಚಿಡೋ ಸ್ವಭಾವವೂ ಅಲ್ಲ. ಬಾಯಿ ಜೋರು ಅಂತ ಹೆಸರಿತ್ತು. ಗಂಡಸಾಗಿದ್ರೆ ಅದನ್ನೇ ಖಡಕ್ ಮನುಷ್ಯ ಅನ್ತಿದ್ರು ಅನ್ಸತ್ತೆ.

ಹಾರ್ನ್ ಕನ್ಚೆರ್ಟೊ ಬರೆದಿದ್ದು 1968ರಲ್ಲಿ. ಯಾರಿಗೆ ಗೊತ್ತಾ? ಮಗನಿಗೆ. ಲ್ಯಾನ್ಸ್ ಬೇಕರ್ ಅಂತ, ಅವನು ಹಾರ್ನ್ ವಾದಕ.

ಇಲ್ಲೇ ನನಗೆ ಈ ಇಡೀ ವಾದ್ಯದ ಕಥೆ ಸಿಕ್ಕ ಹಾಗಾಯ್ತು. ಹಾರ್ನ್‌ಗೆ ಯಾರೂ ಸುಮ್ಮನೆ ಬರೆಯಲ್ಲ. ಪಿಯಾನೋಗೆ ಬರೆಯೋರು ಪಿಯಾನೋಗೆ ಬರೀತಾರೆ, ಹಾರ್ನ್‌ಗೆ ಬರೆಯೋರು ಒಬ್ಬ ಮನುಷ್ಯನಿಗೆ ಬರೀತಾರೆ. ಮಗ, ಅಪ್ಪ, ಸ್ನೇಹಿತ, ಯಾರೋ ಒಬ್ಬ ಇಂಥಾವನು, ಅವನ ತುಟಿ ಎಷ್ಟು ಮೇಲಿನ ಸ್ವರಕ್ಕೆ ಏರತ್ತೆ, ಎಷ್ಟು ಹೊತ್ತು ಉಸಿರು ನಿಲ್ಲತ್ತೆ, ಅದನ್ನ ನೋಡ್ಕೊಂಡು ಬರೀತಾರೆ. ಅವನು ಇರೋ ತನಕ ಆ ಕೃತಿ ಇರತ್ತೆ. ಅವನು ಊದೋದು ನಿಲ್ಲಿಸಿದ ಮೇಲೆ ಅದಕ್ಕೆ ವಾರಸುದಾರರೇ ಇಲ್ಲ.

ಮೊಜಾರ್ಟ್‌ನೇ ತಗೊಳ್ಳಿ. ಅವನ ಹಾರ್ನ್ ಕನ್ಚೆರ್ಟೊಗಳ ಹಿಂದೆ ಇರೋದು ಯೋಸೆಫ್ ಲಾಯ್ಟ್‌ಗೆಬ್ ಅನ್ನೋ ಸ್ನೇಹಿತ, ಮೊಜಾರ್ಟ್‌ಗಿಂತ 24 ವರ್ಷ ದೊಡ್ಡವನು. ಇಬ್ಬರದ್ದೂ ಎಂಥಾ ಸಲಿಗೆ ಅಂದ್ರೆ 1783ರ ಮೇ 27ರಂದು ವಿಯೆನ್ನಾದಲ್ಲಿ ಬರೆದ ಹಸ್ತಪ್ರತಿ ಮೇಲೆ ಮೊಜಾರ್ಟ್, ಕತ್ತೆ, ಎತ್ತು, ಪೆದ್ದ ಆದ ಈ ಲಾಯ್ಟ್‌ಗೆಬ್ ಮೇಲೆ ಕರುಣೆ ತೋರಿಸಿ ಬರೆದಿದೀನಿ ಅನ್ನೋ ಅರ್ಥದಲ್ಲಿ ಗೀಚಿದಾನೆ. 1786ರದ್ದನ್ನ ನಾಲ್ಕು ಬಣ್ಣದ ಇಂಕ್‌ನಲ್ಲಿ ಬರೆದ. ತಮಾಷೆ ಇರ್ಲಿ, 1791ರ ಕೊನೇದು ನೋಡಿ: ಸ್ವರಗಳು ತುಂಬಾ ಮೇಲಕ್ಕೂ ಹೋಗಲ್ಲ, ತುಂಬಾ ಕೆಳಕ್ಕೂ ಇಳಿಯಲ್ಲ. ಅಷ್ಟು ಹೊತ್ತಿಗೆ ಲಾಯ್ಟ್‌ಗೆಬ್‌ಗೆ ವಯಸ್ಸು ಅರವತ್ತರ ಹತ್ತಿರ. ಸ್ನೇಹಿತನಿಗೆ ಆಗದೆ ಇರೋ ಸ್ವರಗಳನ್ನ ಮೊಜಾರ್ಟ್ ಮಾತಾಡ್ದೆ ಬಿಟ್ಟುಬಿಟ್ಟಿದಾನೆ, ಬೈಗುಳ ಮಾತ್ರ ಬಿಟ್ಟಿಲ್ಲ, ಅದರ ಹಸ್ತಪ್ರತೀಲೂ ಪಕ್ಕದಲ್ಲಿ ಉದ್ದಕ್ಕೂ ಬೈಕೊಂಡೇ ಹೋಗಿದಾನೆ. ಆ ಕೃತಿ ಮುಗಿಸೋಕೆ ಮುಂಚೆ ಇವನೇ ಹೋಗ್ಬಿಟ್ಟ, ಶಿಷ್ಯ ಸ್ಯೂಸ್‌ಮಾಯರ್ ಮುಂದಿನ ವರ್ಷ ಉಳಿದಿದ್ದನ್ನ ಪೂರ್ತಿ ಮಾಡ್ದ.

ಮೊಜಾರ್ಟ್ ಹೆಸರಿಗೆ ಅವು ಉಳಿದವು ಅಂದ್ಕೊಳ್ಳಿ. ಅದೇ ಕಾಲದ ಆಂಟೋನಿಯೊ ರೊಸೆಟ್ಟಿ? ಬವೇರಿಯಾದ ಓಟ್ಟಿಂಗನ್-ವಾಲರ್‌ಸ್ಟೈನ್ ಅನ್ನೋ ಸಣ್ಣ ಆಸ್ಥಾನದಲ್ಲಿ ಕೆಲಸಕ್ಕಿದ್ದವನು, ಅಲ್ಲಿ ಒಳ್ಳೆ ಹಾರ್ನ್ ಜೋಡಿ ಇತ್ತು, ಅವರಿಗೋಸ್ಕರ ಒಂದಾದ್ಮೇಲೊಂದು ಕನ್ಚೆರ್ಟೊ ಬರೆದ, ಕೆಲವು ಎರಡು ಹಾರ್ನ್‌ಗೆ. 1791ರ ಡಿಸೆಂಬರ್‌ನಲ್ಲಿ ಮೊಜಾರ್ಟ್ ಸತ್ತಾಗ ಪ್ರಾಗ್‌ನಲ್ಲಿ ಶ್ರದ್ಧಾಂಜಲಿ ಪೂಜೆ ನಡೀತಲ್ಲ, ಅಲ್ಲಿ ಹಾಡಿದ್ದು ಇದೇ ರೊಸೆಟ್ಟಿಯ ರೆಕ್ವಿಯಮ್. ಅಷ್ಟು ದೊಡ್ಡ ಹೆಸರು ಆಗ. ಈಗ ಹಾರ್ನ್ ಊದೋರು ಬಿಟ್ರೆ ಅವನ ಹೆಸರು ಕೇಳಿದವರೇ ಕಮ್ಮಿ.

ಇನ್ನು ಜೊವಾನ್ನಿ ಪುಂಟೊ ಕಥೆ ಸಿನಿಮಾನೇ. ಬೊಹೀಮಿಯಾದಲ್ಲಿ ಥೂನ್ ಅನ್ನೋ ಜಹಗೀರುದಾರನ ಜೀತದಾಳಿನ ಮಗ, ಹುಟ್ಟಿದ್ದು 1746ರಲ್ಲಿ. ಧಣೀನೇ ದುಡ್ಡು ಕೊಟ್ಟು ಡ್ರೆಸ್ಡನ್‌ಗೆ ಕಳಿಸಿ ಹಾರ್ನ್ ಕಲಿಸ್ದ. ಕಲಿತು ಬಂದು ಕೆಲವು ವರ್ಷ ಊದಿ, ಇಪ್ಪತ್ತರ ಸುಮಾರಿಗೆ ಗೆಳೆಯರನ್ನ ಕಟ್ಕೊಂಡು ರಾತ್ರೋರಾತ್ರಿ ಪರಾರಿ. ಧಣಿ ಹಿಂದೆ ಆಳು ಅಟ್ಟಿದ, ಹಿಡಿದು ತನ್ನಿ, ಆಗ್ಲಿಲ್ಲ ಅಂದ್ರೆ ಅವನ ಮುಂದಿನ ಹಲ್ಲು ಉದುರಿಸಿ ಬನ್ನಿ ಅಂತ. ಮುಂದಿನ ಹಲ್ಲಿಲ್ಲದೆ ಹಾರ್ನ್ ಊದೋಕಾಗಲ್ಲ, ತುಟಿಗೆ ಆಸರೆನೇ ಇರಲ್ಲ. ಶಿಕ್ಷೆ ಕೊಡೋದ್ರಲ್ಲೂ ಎಷ್ಟು ತಿಳ್ಕೊಂಡಿದ್ದ ನೋಡಿ ಆ ಧಣಿ! ಸಿಗ್ಲಿಲ್ಲ ಬಿಡಿ, ಗಡಿ ದಾಟಿ ಇಟಾಲಿಯನ್ ಹೆಸರಿಟ್ಕೊಂಡು ಯೂರೋಪೆಲ್ಲ ಗೆದ್ದ. ಬೀಥೋವನ್ ತನ್ನ ಹಾರ್ನ್ ಸೊನಾಟಾ ಬರೆದಿದ್ದು ಇವನಿಗೇ, 1800ರ ಏಪ್ರಿಲ್ 18ಕ್ಕೆ ವಿಯೆನ್ನಾದಲ್ಲಿ ಇಬ್ಬರೂ ಸೇರಿ ನುಡಿಸಿದ್ರು. ಪುಂಟೊ ತಾನೇ ಬರೆದ ಕನ್ಚೆರ್ಟೊಗಳಲ್ಲಿ ಕೆಲವು ಈಗ ಸಿಗೋದೇ ಇಲ್ಲ. ಅವನ ತುಟಿ ಜೊತೆ ಅವೂ ಹೋದವು.

ಇಷ್ಟು ಒಬ್ಬೊಬ್ಬರ ಮೈಗೆ ಅಂಟ್ಕೊಳ್ಳೋಕೆ ಕಾರಣ ವಾದ್ಯದಲ್ಲೇ ಇದೆ. ಸುರುಳಿ ಬಿಚ್ಚಿದ್ರೆ ಎಫ್ ಶ್ರುತಿಯ ಹಾರ್ನ್ ಕೊಳವೆ ಸುಮಾರು 3.7 ಮೀಟರ್ ಉದ್ದ. ಆ ಉದ್ದದ ಕೊಳವೇಲಿ ತುಟಿ ಬಿಗಿ ಮಾಡಿದ ಹಾಗೆ ಒಂದೊಂದು ಸ್ವರ ಏಳತ್ತೆ, ಕೆಳಗೆ ಸ್ವರಗಳ ಮಧ್ಯೆ ಜಾಗ ಧಾರಾಳ, ಮೇಲೆ ಹೋದ ಹಾಗೆ ಒಂದಕ್ಕೊಂದು ಒತ್ಕೊಂಡು ಬರತ್ತೆ. ಬೆರಳಿನ ಕವಾಟ ಒತ್ತಿದ್ರೆ ಕೊಳವೆ ಉದ್ದ ಬದಲಾಗತ್ತೆ ಅಷ್ಟೇ, ಯಾವ ಸ್ವರ ಅನ್ನೋದು ತುಟೀನೇ ಹೇಳ್ಬೇಕು. ಕತ್ತಲೇಲಿ ಮೆಟ್ಟಿಲು ಹತ್ತೋವಾಗ ಇನ್ನೊಂದಿದೆ ಅನ್ಕೊಂಡು ಕಾಲಿಟ್ಟು ಮುಗ್ಗರಿಸ್ತೀವಲ್ಲ, ಮೇಲಿನ ಸ್ವರಗಳಲ್ಲಿ ಹಾರ್ನ್‌ದವರ ಪಾಡು ಹಾಗೆ, ಒಂದು ಕೂದಲೆಳೆ ತಪ್ಪಿದ್ರೆ ಪಕ್ಕದ ಸ್ವರ ಬಿದ್ದು ಧ್ವನಿ ಒಡೆಯತ್ತೆ, ಎರಡು ಸಾವಿರ ಜನಕ್ಕೆ ಕೇಳತ್ತೆ. ಅದರ ಮೇಲೆ ಬಲಗೈ ಹಾರ್ನಿನ ಬಾಯೊಳಗೆ ಇಟ್ಕೋಬೇಕು. ಕೈ ಸ್ವಲ್ಪ ಮುಚ್ಚಿದ್ರೆ ಶ್ರುತಿ ಬದಲು, ಪೂರ್ತಿ ಮುಚ್ಚಿದ್ರೆ ಧ್ವನಿ ದೂರದ ಗುಡ್ಡದಾಚೆಯಿಂದ ಬಂದ ಹಾಗೆ ಆಗಿಬಿಡತ್ತೆ. ಕವಾಟ ಬರೋಕೆ ಮುಂಚೆ, ಅಂದ್ರೆ 1810ರ ದಶಕಕ್ಕೂ ಹಿಂದೆ, ಈ ಕೈಚಳಕದಲ್ಲೇ ಮಧ್ಯದ ಸ್ವರಗಳನ್ನೆಲ್ಲ ಹುಟ್ಟಿಸ್ತಿದ್ರು, ಪುಂಟೊ ಡ್ರೆಸ್ಡನ್‌ನಲ್ಲಿ ಹ್ಯಾಂಪೆಲ್ ಅನ್ನೋ ಗುರು ಹತ್ರ ಕಲಿತಿದ್ದು ಇದನ್ನೇ. ಬೆನ್ ಊದೋ ವಿಡಿಯೋ ಸಿಕ್ಕಿದ್ರೆ ಮುಖ ನೋಡ್ಬೇಡಿ, ಆ ಬಲಗೈ ನೋಡಿ. ಹಾರ್ನಿನ ಬಾಯೊಳಗೆ ಬಚ್ಚಿಟ್ಟಿರೋ ಕೈ ಅದು, ಅರ್ಧ ಸಂಗೀತ ಅಲ್ಲೇ ನಡೀತಿರತ್ತೆ.

20ನೇ ಶತಮಾನದಲ್ಲಿ ಇಂಥಾ ಒಬ್ಬ ಮನುಷ್ಯ ಅಂದ್ರೆ ಇಂಗ್ಲೆಂಡಿನ ಹಾರ್ನ್ ವಾದಕ ಡೆನ್ನಿಸ್ ಬ್ರೇನ್. ಇವನೂ 1921ರವನೇ. ಕಂಪೋಸರ್ ಮ್ಯಾಲ್ಕಮ್ ಆರ್ನಲ್ಡ್ ಕೂಡ 1921. ಗಿಪ್ಸ್, ಬ್ರೇನ್, ಆರ್ನಲ್ಡ್ ಮೂರೂ ಒಂದೇ ವರ್ಷದ ಮಕ್ಕಳು. ಬ್ರೇನ್ ಮನೆತನವೇ ಹಾರ್ನ್ ಮನೆತನ, ತಾತ ಊದ್ತಿದ್ರು, ದೊಡ್ಡಪ್ಪ ಊದ್ತಿದ್ರು, ಅಪ್ಪ ಆಬ್ರೆ ಬ್ರೇನ್ ಬಿಬಿಸಿ ಸಿಂಫನಿಯ ಹಾರ್ನ್. ಅಪ್ಪನಿಗೂ ಒಂದು ಅನಾಥ ಕೃತಿ ಇದೆ: ಎಥೆಲ್ ಸ್ಮೈತ್ ಬರೆದ ವಯೊಲಿನ್-ಹಾರ್ನ್ ಜೋಡಿ ಕನ್ಚೆರ್ಟೊ, 1927ರಲ್ಲಿ ಕ್ವೀನ್ಸ್ ಹಾಲ್‌ನಲ್ಲಿ ಆಬ್ರೆ ಮೊದಲ ಸಲ ಊದಿದ್ದು. ಸ್ಮೈತ್ ಅಂದ್ರೆ ಹೆಂಗಸರಿಗೆ ಓಟು ಕೊಡಿ ಅಂತ ಗಲಾಟೆ ಮಾಡಿ 1912ರಲ್ಲಿ ಹಾಲೊವೇ ಜೈಲಿಗೆ ಹೋಗಿ, ಜೈಲಿನ ಕಿಟಕೀಲಿ ನಿಂತು ಟೂತ್‌ಬ್ರಷ್ ಹಿಡ್ಕೊಂಡು ಅಂಗಳದಲ್ಲಿರೋರ ಹಾಡಿಗೆ ಕಂಡಕ್ಟ್ ಮಾಡಿದ ಹೆಂಗಸು. ಇರ್ಲಿ. ಮಗ ಡೆನ್ನಿಸ್‌ಗೆ ಬ್ರಿಟನ್ ಸೆರೆನೇಡ್ ಬರೆದ (1943), ಹಿಂಡೆಮಿತ್ ಕನ್ಚೆರ್ಟೊ ಬರೆದ (1949), ಆರ್ನಲ್ಡ್ ತನ್ನ ಎರಡನೇ ಹಾರ್ನ್ ಕನ್ಚೆರ್ಟೊ ಬರೆದ (1956). 1957ರ ಸೆಪ್ಟೆಂಬರ್ 1ರ ಬೆಳಗಿನ ಜಾವ ಎಡಿನ್‌ಬರೊದಿಂದ ರಾತ್ರಿಯೆಲ್ಲ ಕಾರ್ ಓಡಿಸ್ಕೊಂಡು ಬರ್ತಾ ಲಂಡನ್ ಹತ್ರ ಹ್ಯಾಟ್‌ಫೀಲ್ಡ್‌ನಲ್ಲಿ ಮರಕ್ಕೆ ಗುದ್ದಿ ಹೋಗ್ಬಿಟ್ಟ. 36 ವಯಸ್ಸು. ನಜ್ಜುಗುಜ್ಜಾದ ಅವನ ಹಾರ್ನ್‌ನ ಆಮೇಲೆ ಸರಿ ಮಾಡಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಇಟ್ಟಿದಾರೆ. ಬ್ರಿಟನ್‌ದು ಉಳೀತು, ಪಿಯಾನೋ ಜೊತೆ ಊದೋಂಥ ಸಣ್ಣಪುಟ್ಟದ್ದು ಉಳೀತು, ಉಳಿದಿದ್ದೆಲ್ಲ ಹಿಂದಕ್ಕೆ ಸರೀತು.

ಬ್ರೇನ್‌ನ ನೂರನೇ ಹುಟ್ಟುಹಬ್ಬದ ವರ್ಷ 2021ರಲ್ಲಿ ಬೆನ್ ಅವನ ನೆನಪಿಗೇ ಒಂದು ಆಲ್ಬಮ್ ಮಾಡ್ದ. ಆಮೇಲೆ ಬಂದಿದ್ದು ಆರ್ನಲ್ಡ್, ಗಿಪ್ಸ್ ಇಬ್ಬರ ಕನ್ಚೆರ್ಟೊ ಇರೋ ಆಲ್ಬಮ್. ಅದ್ರಲ್ಲಿ ಆರ್ಕೆಸ್ಟ್ರಾ ಯಾವ್ದು ಅಂದೆ? ಫಿಲ್ಹಾರ್ಮೋನಿಯಾ. ಬ್ರೇನ್ ಸಾಯೋವರೆಗೂ ಫಸ್ಟ್ ಹಾರ್ನ್, ಅಂದ್ರೆ ಮುಖ್ಯ ಹಾರ್ನ್ ವಾದಕ, ಆಗಿದ್ದ ಆರ್ಕೆಸ್ಟ್ರಾ ಅದು.

ಈ ಹೆಸರು ನೋಡಿದಾಗ ಮೈಸೂರಿನವನಾದ ನನಗೆ ಕಿವಿ ನೆಟ್ಟಗಾಯ್ತು. ಗೊತ್ತಿಲ್ಲದೆ ಇರೋರಿಗೆ ಹೇಳ್ತೀನಿ: ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರು. ಯುದ್ಧ ಮುಗಿದು ಲಂಡನ್ ಕೈ ಖಾಲಿ ಆಗಿ ಕೂತಿದ್ದಾಗ, ಆರ್ಕೆಸ್ಟ್ರಾ ಕಟ್ಟಿದ ವಾಲ್ಟರ್ ಲೆಗ್‌ಗೆ ಮಹಾರಾಜರು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡೋಕೆ ಒಪ್ಕೊಂಡ್ರು. ಆದ್ರೆ ಅದಕ್ಕಿಂತ ನನಗೆ ದೊಡ್ಡದು ಅನ್ಸೋದು ಮೆಟ್ನರ್ ವಿಷಯ. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಕಂಪೋಸರ್, ರಖ್ಮನಿನೊವ್‌ನ ಸ್ನೇಹಿತ, ಲಂಡನ್‌ನಲ್ಲಿ ಪಾಠ ಹೇಳ್ಕೊಂಡು ಕಷ್ಟದಲ್ಲಿ ಜೀವನ ಮಾಡ್ತಿದ್ದ, ವಯಸ್ಸಾಗಿತ್ತು, ಆರೋಗ್ಯ ಇಲ್ಲ, ಕೇಳೋರೂ ಇಲ್ಲ. ಮೈಸೂರಲ್ಲಿ ಕೂತು ಅವನ ಸಂಗೀತದ ಹುಚ್ಚು ಹಿಡಿಸ್ಕೊಂಡಿದ್ದ ಮಹಾರಾಜರು ಮೆಟ್ನರ್ ಸೊಸೈಟಿ ಅಂತ ಶುರು ಮಾಡಿಸಿ, ಎಚ್‌ಎಂವಿ ಕೈಲಿ ಅವನ ಕೃತಿಗಳನ್ನ ಅವನ ಕೈಲೇ ನುಡಿಸಿ ರೆಕಾರ್ಡ್ ಮಾಡಿಸಿದ್ರು. ಮೂರು ಪಿಯಾನೋ ಕನ್ಚೆರ್ಟೊನೂ ಫಿಲ್ಹಾರ್ಮೋನಿಯಾ ಜೊತೆ. ಮೊದಲನೇದಕ್ಕೆ ಕಂಡಕ್ಟರ್ ಜಾರ್ಜ್ ವೆಲ್ಡನ್, ಹೌದು, ಗಿಪ್ಸ್ ಒಂದೇ ಕಚೇರೀಲಿ ಎರಡು ಕಡೆ ಕೂತು ನುಡಿಸಿದಾಗ ಕಂಡಕ್ಟ್ ಮಾಡಿದ್ನಲ್ಲ ಅವನೇ. ಮೂರನೇ ಕನ್ಚೆರ್ಟೊನ ಮೆಟ್ನರ್ ಮಹಾರಾಜರಿಗೇ ಅರ್ಪಣೆ ಮಾಡಿದಾನೆ. 1951ರಲ್ಲಿ ತೀರ್ಕೊಂಡ. ಆ ರೆಕಾರ್ಡುಗಳು ಇರದೆ ಹೋಗಿದ್ರೆ ಅವನು ತನ್ನದನ್ನ ಹೇಗೆ ನುಡಿಸ್ತಿದ್ದ ಅನ್ನೋದೇ ನಮಗೆ ಸಿಕ್ತಿರಲಿಲ್ಲ.

ಆಗ ಮಹಾರಾಜರ ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ, 1919ರಲ್ಲಿ ಹುಟ್ಟಿದವರು. ಬೆನ್ ಗಿಪ್ಸ್‌ನ ಎತ್ಕೊಂಡಾಗ ಎಷ್ಟು ವಯಸ್ಸೋ ಹೆಚ್ಚುಕಮ್ಮಿ ಅಷ್ಟೇ. ಯಾರಿಗೂ ಬೇಡವಾದ ಸಂಗೀತದ ಹಿಂದೆ ಬೀಳೋದು ಬಹುಶಃ ಆ ವಯಸ್ಸಲ್ಲೇ ಆಗೋ ಕೆಲಸ. ಐವತ್ತಾದ್ಮೇಲೆ ಮನುಷ್ಯ ಗೊತ್ತಿರೋದನ್ನೇ ಮತ್ತೆ ಮತ್ತೆ ಕೇಳ್ತಾನೆ, ನನ್ನನ್ನೂ ಸೇರಿಸ್ಕೊಂಡು.

ಇನ್ನೊಂದು ಇದೆ, ಬರೀದೆ ಇರೋಕಾಗಲ್ಲ. ರಿಚರ್ಡ್ ಸ್ಟ್ರಾಸ್ ಕೊನೇಗೆ ಬರೆದ ನಾಲ್ಕು ಹಾಡುಗಳನ್ನ ಮೊದಲು ಹಾಡಿದ್ದು 1950ರ ಮೇ 22ಕ್ಕೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯಕಿ, ಫುರ್ಟ್‌ವೆಂಗ್ಲರ್ ಕಂಡಕ್ಟರ್, ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ. ಆ ಕಚೇರಿಗೆ ಹಣದ ಭರವಸೆ ಕೊಟ್ಟಿದ್ದೂ ಮೈಸೂರು ಅರಮನೆ. ಮಹಾರಾಜರಿಗೆ ಹೋಗೋಕಾಗ್ಲಿಲ್ಲ, ಅದಕ್ಕೆ ಡಿಸ್ಕ್‌ಗಳ ಮೇಲೆ ರೆಕಾರ್ಡ್ ಮಾಡಿ ಇಲ್ಲಿಗೆ ಕಳಿಸಿದ್ರು. ಆ ನಾಲ್ಕರಲ್ಲಿ ಸೆಪ್ಟೆಂಬರ್ ತಿಂಗಳ ಹೆಸರಿರೋ ಹಾಡು ಮುಗಿಯೋದು ಒಂಟಿ ಹಾರ್ನ್‌ನಲ್ಲಿ. ಗಾಯಕಿ ಸಾಲು ಮುಗಿಸ್ತಾಳೆ, ವಯೊಲಿನ್‌ಗಳು ಮೆಲ್ಲಗೆ ಹಿಂದಕ್ಕೆ ಸರೀತವೆ, ಅವಳು ಹಾಡಿದ್ದನ್ನೇ ಹಾರ್ನ್ ತನ್ನ ಮಾತಲ್ಲಿ ಇನ್ನೊಂದ್ಸಲ ನಿಧಾನಕ್ಕೆ ಹೇಳತ್ತೆ, ಒಂದೇ ಒಂದು ಸ್ವರ ಒಡೆದ್ರೂ ಇಡೀ ಹಾಡು ಹೋಯ್ತು ಅನ್ನೋ ಜಾಗ ಅದು. ಸ್ಟ್ರಾಸ್‌ನ ಅಪ್ಪ ಫ್ರಾನ್ಸ್ ಸ್ಟ್ರಾಸ್ ಮ್ಯೂನಿಕ್ ಆಸ್ಥಾನದ ಫಸ್ಟ್ ಹಾರ್ನ್ ಆಗಿದ್ದವನು (ವಾಗ್ನರ್‌ನ ಕಂಡ್ರೆ ಉರಿದು ಬೀಳ್ತಿದ್ದ, ಆದ್ರೆ ವಾಗ್ನರ್ ಬರೆದಿದ್ದನ್ನ ಅವನಷ್ಟು ಚೆನ್ನಾಗಿ ಊದೋರು ಇರಲಿಲ್ಲ, ಏನ್ಮಾಡ್ತೀರ). 84ರ ಮಗ ಅಪ್ಪ ಊದ್ತಿದ್ದ ಧ್ವನಿಗೆ ಹಾಡಿನ ಕೊನೇ ಮಾತು ಕೊಟ್ಟಿದಾನೆ. ಇದೂ ಒಬ್ಬರಿಗೇ ಅಂತ ಬರೆದಿದ್ದು ಅಂದ್ರೆ ತಪ್ಪಾಗಲ್ಲ ಅನ್ಸತ್ತೆ.

ಗಿಪ್ಸ್ ಕನ್ಚೆರ್ಟೊನ ಮೈಸೂರಲ್ಲಿ ನಮ್ಮ ಸೋದರಮಾವನಿಗೆ ಕೇಳಿಸ್ದೆ. ಮಾವ ಮದುವೆ ಬ್ಯಾಂಡ್‌ನಲ್ಲಿ ಬಹಳ ವರ್ಷ ಕ್ಲಾರಿನೆಟ್ ಊದಿದವರು, ಕರ್ನಾಟಕ ಸಂಗೀತದ ಕಚೇರಿ ಬಿಡೋರಲ್ಲ, ಪಾಶ್ಚಾತ್ಯ ಸಂಗೀತ ಅಂದ್ರೆ ಅಷ್ಟಕ್ಕಷ್ಟೆ. ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಹುಚ್ಚು ಹಿಡಿಸ್ಕೊಂಡು ಕದ್ರಿ ಗೋಪಾಲನಾಥರು ಏನು ಮಾಡಿದ್ರು ಅನ್ನೋದನ್ನ ಮಾತ್ರ ಸಾವಿರ ಸಲ ಹೇಳ್ತಾರೆ. ಮೊದಲನೇ ಭಾಗ ಮುಗಿಯೋವರೆಗೂ ಮಾತಾಡ್ಲಿಲ್ಲ.

"ಉಸಿರು ಎಲ್ಲಿ ತಗೊಂಡ ಹೇಳು ನೋಡಣ" ಅಂದ್ರು.

"ಗೊತ್ತಾಗ್ಲಿಲ್ಲ ಮಾವ."

"ಗೊತ್ತಾಗಬಾರ್ದು ಕಣೋ, ಅದೇ ಊದೋನ ಕೆಲಸ. ಬರೆದೋರು ಯಾರು?"

"ಗಿಪ್ಸ್ ಅಂತ ಒಬ್ಬರು ಹೆಂಗಸು. ಮಗನಿಗೆ ಅಂತ ಬರೆದಿದ್ದು. ಯಾರೂ ನುಡಿಸ್ತಿರಲಿಲ್ವಂತೆ."

ಮಾವ ನಕ್ಕರು. "ನಿಮ್ಮ ಮಹಾರಾಜರು 94 ಕೃತಿ ಬರೆದಿದಾರೆ, ಕಚೇರೀಲಿ ಎಷ್ಟು ಕೇಳಿದೀಯ? ಅಠಾಣದ ಗಣಪತಿದು ಒಂದು. ಇನ್ನೊಂದೆರಡು. ಮಿಕ್ಕಿದ್ದು?"

ನಿಜ ಅಲ್ವಾ. ಯಾರೂ ಕೇಳದ ರಷ್ಯನ್ ಒಬ್ಬನನ್ನ ಉಳಿಸೋಕೆ ದುಡ್ಡು ಸುರಿದವರ ಕೃತಿಗಳಿಗೇ ಈಗ ಒಬ್ಬ ಬೆನ್ ಬೇಕಾಗಿದಾನೆ. ಹಾಡ್ತಾರೆ, ಇಲ್ಲ ಅಂತಲ್ಲ, ಮೈಸೂರಲ್ಲಿ ವಿಶೇಷ ಕಾರ್ಯಕ್ರಮ ಅಂತ ಆದಾಗ ಹಾಡ್ತಾರೆ. ಅಪರೂಪದ ರಾಗಗಳಲ್ಲಿ ತುಂಬಾ ಇವೆ, ಕಲಿಯೋದು ಕಷ್ಟ, ಕಲಿತ್ರೂ ಸಭೆಯವರು ಕೇಳೋದು ಗೊತ್ತಿರೋದನ್ನೇ.

ಮರೆತುಹೋದದ್ದೆಲ್ಲ ಮುತ್ತುರತ್ನ ಅಂತ ನಾನು ಹೇಳ್ತಿಲ್ಲ. ಆ ತರ ಹೇಳೋರನ್ನ ಕಂಡ್ರೆ ನನಗೇ ರೇಗತ್ತೆ. ಹಾರ್ನ್‌ಗೆ ಬರೆದ ಹಳೇದ್ರಲ್ಲಿ ಬೋರ್ ಹೊಡ್ಸೋದು ಬೇಕಾದಷ್ಟಿದೆ, ಪುಂಟೊದನ್ನೇ ಸಾಲಾಗಿ ಕೇಳಿ, ಮೂರನೇದಕ್ಕೆ ಆಕಳಿಕೆ ಬರತ್ತೆ. ಆದ್ರೆ ಒಂದು ಕೃತಿ ಚೆನ್ನಾಗಿದೆಯೋ ಇಲ್ವೋ ಅಂತ ಗೊತ್ತಾಗೋದು ಹೇಗೆ? ಯಾರೋ ಅದನ್ನ ಮೊಜಾರ್ಟ್‌ನ ಕೃತಿ ಊದೋವಷ್ಟೇ ಚೆನ್ನಾಗಿ ಊದಿದಾಗ. ಅಲ್ಲೇ ತೊಂದ್ರೆ. ಪರಿಚಿತ ಕೃತಿ ಆದ್ರೆ ಆರ್ಕೆಸ್ಟ್ರಾದವರ ಕೈಗೆ ಬಾಯಿಗೆ ಅದು ಮೊದಲೇ ಕೂತಿರತ್ತೆ. ಅಪರಿಚಿತ ಕೃತಿಗೆ ಪಬ್ಲಿಷರ್ ಹತ್ರ ಬಾಡಿಗೆಗೆ ಪಾರ್ಟ್ಸ್ (ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಸ್ವರದ ಹಾಳೆ) ತರಿಸ್ಬೇಕು, ಕೈಬರಹದ್ದಾದ್ರೆ ತಪ್ಪುಗಳು, ರಿಹರ್ಸಲ್‌ಗೆ ಸಿಗೋದು ಸ್ವಲ್ಪವೇ ಹೊತ್ತು, ಅದ್ರಲ್ಲೂ ಅರ್ಧ ಟೈಮ್ ಕಚೇರಿಯ ದೊಡ್ಡ ಸಿಂಫನಿ ತಿಂದ್ಕೊಳತ್ತೆ. ಸೋಲೋ ಊದೋನು ತಿಂಗಳುಗಟ್ಟಲೆ ಕಲಿತು ಬಂದಿರ್ತಾನೆ, ಹಿಂದೆ ಕೂತೋರು ಅವತ್ತೇ ಮೊದಲ್ನೇ ಸಲ ಹಾಳೆ ನೋಡ್ತಿರ್ತಾರೆ. ಒಂದು ಸಾಧಾರಣ ಪ್ರದರ್ಶನ ಆಗತ್ತೆ, ಕೇಳಿದವರು ಓ ಅದಕ್ಕೇ ಇದನ್ನ ಯಾರೂ ನುಡಿಸಲ್ಲ ಅಂತ ತೀರ್ಪು ಕೊಟ್ಟು ಎದ್ದು ಹೋಗ್ತಾರೆ, ಮತ್ತೆ ಮೂವತ್ತು ವರ್ಷ ಬೀರು. ಅದಕ್ಕೇ ಸ್ಟುಡಿಯೋ ರೆಕಾರ್ಡಿಂಗ್‌ಗೆ ಇಷ್ಟು ಬೆಲೆ, ಅಲ್ಲಿ ಒಡೆದ ಸ್ವರನ ಮತ್ತೆ ಊದ್ಬಹುದು, ಮುಂದಿನ ಹುಡುಗ ಅದನ್ನ ಕೇಳಿ ತಾನೂ ಎತ್ಕೋಬಹುದು. ಗಿಪ್ಸ್ ವಿಷಯದಲ್ಲೂ ಹಾಗೇ ಆಗಿದ್ದು, ಬೆನ್‌ಗಿಂತ ಮುಂಚೆ ಡೇವಿಡ್ ಪ್ಯಾಟ್ ಅದನ್ನ ರೆಕಾರ್ಡ್ ಮಾಡಿದ್ದ, ಅವನೂ 1988ರಲ್ಲಿ ಅದೇ ಬಿಬಿಸಿ ಸ್ಪರ್ಧೆ ಗೆದ್ದ ಹಾರ್ನ್ ಹುಡುಗ. ಈಗ ಗಿಪ್ಸ್‌ಗೆ ಸ್ವಲ್ಪ ಒಳ್ಳೆ ಕಾಲ ಬಂದಿದೆ, ಸಿಂಫನಿಗಳು ಶ್ಯಾಂಡೋಸ್ ಕಂಪನೀಲಿ ಬಂದಿವೆ, 2021ರ ಪ್ರಾಮ್ಸ್ ಅನ್ನೋ ಲಂಡನ್ನಿನ ಸಂಗೀತೋತ್ಸವದಲ್ಲಿ ಎರಡನೇದನ್ನ ನುಡಿಸಿದ್ರು. ಅವರು 1999ರಲ್ಲೇ ಹೋಗ್ಬಿಟ್ಟಿದ್ರು.

ಕೃತಿ ಹೇಗಿದೆ ಅಂತ ಹೇಳದೇ ಇಷ್ಟುದ್ದ ಬರೆದ್ನಲ್ಲ. ಮೂರು ಭಾಗ, ಎಲ್ಲ ಸೇರಿ ಇಪ್ಪತ್ತು ನಿಮಿಷಕ್ಕಿಂತ ಕಮ್ಮಿ. ಮೊದಲನೇ ಭಾಗದಲ್ಲಿ ಹಾರ್ನ್ ಅವಸರ ಮಾಡಲ್ಲ, ಉದ್ದುದ್ದ ಸಾಲುಗಳು, ಬೇಟೆ ಕಹಳೆ ತರ ಪೌರುಷ ತೋರಿಸೋ ಗೋಜಿಗೇ ಹೋಗಲ್ಲ, ಹಾರ್ನ್ ಅಂದ್ರೆ ಗಂಡಸ್ತನ ಅಂತ ಬರೆಯೋ ಅಭ್ಯಾಸ ಇರೋ ಊರಲ್ಲಿ ಅದೇ ಒಂದು ಜಗಳ ಅನ್ಸತ್ತೆ ನನಗೆ. ಮಧ್ಯದ್ದು ಸಾಮಾನ್ಯವಾಗಿ ನಿಧಾನದ ಭಾಗ ಇರ್ಬೇಕಾದ ಜಾಗದಲ್ಲಿ ಈಕೆ ಒಂದು ತುಂಟ ಸ್ಕೆರ್ಟ್ಸೊ (ವೇಗವಾಗಿ, ಆಟದ ಹಾಗೆ ಓಡೋ ಭಾಗ) ಇಟ್ಟಿದಾರೆ, ನನಗೆ ತುಂಬಾ ಇಷ್ಟ ಅದು, ತಾಯಿ ಮಗನ ಕಾಲೆಳೆದ ಹಾಗೆ ತುಟಿಗೆ ಪುರುಸೊತ್ತೇ ಕೊಡಲ್ಲ. ಕೊನೇ ಭಾಗ ಸ್ವಲ್ಪ ಸಲೀಸಾಯ್ತು ಅನ್ನೋದು ನನ್ನ ತಕರಾರು, ಕುಣಿತ ಚೆನ್ನಾಗಿದೆ, ಆದ್ರೆ ಮೊದಲ ಭಾಗ ಎತ್ತಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ಮಾವ ಒಪ್ಪಲ್ಲ, ಅವರಿಗೆ ಕೊನೇದೇ ಇಷ್ಟ, ಮದುವೆ ಮನೇಲಿ ಊದಿದವರಲ್ವಾ.

ಕೇಳೋದಾದ್ರೆ ದಯವಿಟ್ಟು ಫೋನ್ ಸ್ಪೀಕರ್‌ನಲ್ಲಿ ಕೇಳ್ಬೇಡಿ, ಆರ್ಕೆಸ್ಟ್ರಾದಲ್ಲಿ ಸೆಲೆಸ್ಟಾ ಅಂತ ಗೆಜ್ಜೆ ತರ ಸಣ್ಣ ಧ್ವನಿಯ ಕೀಬೋರ್ಡ್ ಇದೆ, ಹಾರ್ನ್ ಜೊತೆ ಅದು ಸೇರೋದನ್ನ ಫೋನ್ ನುಂಗಿಬಿಡತ್ತೆ. ಮೊದಲು ಗಿಪ್ಸ್, ಅದಾದ್ಮೇಲೆ ಅದೇ ಆಲ್ಬಮ್‌ನ ಆರ್ನಲ್ಡ್. ಸ್ಮೈತ್‌ದು ಇನ್ನೊಂದು ದಿನಕ್ಕೆ ಇಟ್ಕೊಳ್ಳಿ, ಅದಕ್ಕೆ ಸಮಯ ಬೇಕು.